ಎರಡು ಮೊಳದ ಕುಣಿ

ಔರಾದಿಗೆ ಹೋಗುವ ಗಾಡಿಗಾಗಿ ಕಚೇರಿಯ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಹಲಬರ್ಗಾದ ಸುಂದರಬಾಯಿ ಎಂಬ ವಿಧವೆ, ಅವರ ಊರಿನ ಹೆಣ ಹೂಳುವ ಕುಣಿ ತೋಡುವ ಮುದುಕ ಹಾವಗೆಪ್ಪ. ಊರವರು ಸಾಹೇಬರೆನ್ನುತ್ತಿದ್ದ ಆಕೆಯ ಗಂಡನ ಗೋರಿಯ ಅರ್ಜಿಗಾಗಿ ಬಂದು, ಬೆಳಗಿನಿಂದ ಕೂತು ಇಬ್ಬರೂ ಸೋತಿದ್ದರು.

“ಗುಮಾಸ್ತರು ಏನಂದ್ರು ಅವ್ವಾರ?”

“ಯಾದಿಯಿಂದ ಸಾಹೇಬರ ಹೆಸರು ಹೊಡದು ಹಾಕ್ಯಾರ, ಹಾವಗೆಪ್ಪಾ.”

“ಯಾಕ್ರಿ? ಹೈದರಾಬಾದಿನ ಕಾಯ್ದೆ ಮಾಡೋ ಮಜ್ಲಿಸಿನ್ಯಾಗ ಮೆಂಬರ ಇದ್ದವರ ಗೋರಿಗೆಲ್ಲಾ ಸರ್ಕಾರ ಕಲ್ಲು ಹಾಕಸ್ತದ ಅಂದಿದ್ರಲ್ರಿ?”

“ಗೋರಿ ಉದ್ದ ಎಷ್ಟು ಅಂತ ಕೇಳಿದಾಗ ನೀ ಏನ ಹೇಳಿದ್ದಿ?”

“ಎರಡು ಮೊಳ. ನಾನೇ ತೋಡೇನಲ್ರಿ.”

“ಎರಡು ಮೊಳ ಅಂದ್ರ ಕೂಸಿನ ಗೋರಿ ಅಂತ ತಿಳಕೊಂಡಾರ.”

“ನಮ್ಮವರಿಗಿ ಕೂಡ್ಸಿ ಮಣ್ಣು ಕೊಡ್ತಾರ, ಕೈಯಾಗ ಲಿಂಗ ಇಟ್ಟು. ಹೇಳಲಿಲ್ಲೇನ್ರಿ?”

“ಹೇಳಿದೆ. ತಲಿ ಯಾವ ದಿಕ್ಕಿಗಿ ಅಂತ ಕೇಳಿದ್ರು. ಕೂತವರ ತಲಿ ಮ್ಯಾಲಿರ್ತದ ಅಂದೆ. ನಕ್ಕರು.”

“ಅರ್ಜಿ ಕೇಳಲಾಕ ಇನ್ನೊಮ್ಮೆ ಒಳಗ ಕರೀತೀವಿ ಅಂದಾರಲ್ರಿ, ಆಗ ನಾಲ್ಕು ಮೊಳ ಅಂತ ಬರಸಿಬಿಡ್ರಿ. ಯಾರು ಅಗದು ನೋಡ್ತಾರ?”

“ಅಂದ್ರ ಕಾಗದದಾಗ ಅವರಿಗಿ ಮಲಗಸಬೇಕು.”

“ಕಾಗದದಾಗ ಅಷ್ಟೇರಿ.”

ಆಕೆ ಸೆರಗು ಸರಿಮಾಡಿಕೊಂಡು ಎದ್ದಳು.

“ಬ್ಯಾಡ. ಹನ್ನೆರಡು ವರ್ಷ ಹೈದರಾಬಾದಿನ್ಯಾಗ ದೊಡ್ಡವರ ಮುಂದ ಕೈ ಕಟ್ಕೊಂಡು ನಿಂತಾರ, ಹಾವಗೆಪ್ಪಾ. ಈಗ ಕೂತಾರ. ಕೂತೇ ಇರಲಿ. ನಡಿ.”

ಜವಾನ ಬಾಗಿಲಿಗೆ ಬಂದು ಸಾಹೇಬರ ಹೆಸರು ಎರಡು ಸಲ ಕೂಗಿದ. ಅವರಿಬ್ಬರೂ ಆಗಲೇ ರಸ್ತೆಗೆ ಇಳಿದಿದ್ದರು.