ಓಣಿಯ ಗೇಟು, ಅಪ್ಪನ ಫೋಟೋ

೨೦೨೩ರ ಮಾರ್ಚ್ ೧೪, ಬೆಳಿಗ್ಗೆ ಹತ್ತು ಇಪ್ಪತ್ತು. ಬ್ಯಾನರ್ ಅಂಗಡಿಯ ಸಾಲಿನಲ್ಲಿ ಪಕ್ಷದ ಕಾರ್ಯಕರ್ತನೊಬ್ಬ ಅಪ್ಪನ ಫೋಟೋ ದೊಡ್ಡದು ಮಾಡಿಸಲು ಬಂದಿದ್ದ, ದಿವಂಗತ ಹೋರಾಟಗಾರರೊಬ್ಬರ ಮಗಳ ಬೆನ್ನು ಬಿದ್ದಿದ್ದ. ಹಿಂದೆ ನಿಂತಿದ್ದ ವಿಜ್ಞಾನದ ಮೇಷ್ಟ್ರ ಕಿವಿ ನೆಟ್ಟಗಾಯಿತು.

“ಅಕ್ಕಾ, ಭಾಷಣದ ಬ್ಯಾನರಿಗೆ ಆ ಫೋಟೋ ಕೊಡಿ. ನಿಮ್ಮಪ್ಪನ ಆದರ್ಶ ಅಂದ್ರೆ ನಮ್ಮ ಸಾಹೇಬ್ರಿಗೆ ಪ್ರಾಣ.”

“ಅಪ್ಪ ಜೈಲಿಗೆ ಹೋಗಿ ಎಲ್ಲರ ಓಡಾಟಕ್ಕೆ ಬಿಡಿಸಿದ ಓಣಿಗೆ ಗೇಟು ಹಾಕ್ಸಿರೋರು ಅವರೇ ಅಲ್ವೇನಪ್ಪಾ?”

“ಅದು ಸಾಹೇಬ್ರ ಕಾರಿನ ಸುರಕ್ಷತೆಗೆ, ಅಕ್ಕಾ!”

“ಗೇಟು ಕೀಳ್ಸು, ಫೋಟೋ ಕೊಡ್ತೀನಿ.”

ಅವನು ಫೋನಿನಲ್ಲಿ ಪಿಸುಗುಟ್ಟಿ ಹಲ್ಲು ಕಿರಿದ. “ಒಪ್ಪಿದ್ರು! ಭಾಷಣ ಮುಗಿಯೋವರೆಗೆ ತೆಗೆದಿಡ್ತಾರಂತೆ.”

“ಹಾಗಾದ್ರೆ ಅಷ್ಟು ಹೊತ್ತು ಅಪ್ಪ ಮನೇಲೇ ಇರ್ತಾರೆ ಬಿಡು.”

ಆಕೆ ಫೋಟೋವನ್ನು ಚೀಲಕ್ಕೆ ಸೇರಿಸಿ ಹೊರಟಳು. “ಅಕ್ಕಾ, ಅಕ್ಕಾ” ಎನ್ನುತ್ತ ಅವನೂ ಓಡಿದ. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಿದ್ದ ಬ್ಯಾನರಿನ ತುಂಬ ಸಾಹೇಬರು ಕೈಮುಗಿದು ನಿಂತೇ ಇದ್ದರು. ಇಪ್ಪತ್ತು ಅಡಿಯ ಆ ಬ್ಯಾನರಿನಲ್ಲಿ ಹೋರಾಟಗಾರರಿಗೆಂದು ಬಿಟ್ಟಿದ್ದ ಜಾಗ ಒಂಬತ್ತು ಇಂಚು.