ಐದನೇ ಕಲ್ಲು

ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಯಲಬುರ್ಗಾ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಹೈಟೆನ್ಶನ್ ಲೈನಿನ ಸರ್ವೆಯವನೊಬ್ಬ ಅವಳ ಗುರುತು ಹಿಡಿದು ಎದುರಿಗೆ ಬಂದು ನಿಂತ.

“ಏನ್ರಿ ಗಾಳೆಮ್ಮಾರ, ಟವರಿನ ನಾಕು ಕಾಲಿಗಂತ ನಿಮ್ಮ ಜೋಳದ ಹೊಲದಾಗ ನಾಕು ಕಲ್ಲು ನೆಟ್ಟಿದ್ವಿ. ಈಗ ನೋಡಿದ್ರ ಐದು ಅದಾವ!”

“ಎಳ್ಳಮವಾಸಿಗೆ ಹೊಲದಾಗ ಪಾಂಡವರ ಪೂಜಿ ಮಾಡಬೇಕಲ್ಲೋ ತಮ್ಮಾ? ಪಾಂಡವರು ಐದು ಮಂದಿ. ಅದಕ್ಕ ಒಂದು ಕಲ್ಲು ನಾ ಇಟ್ಟೆ. ಸುಣ್ಣ ನೀವಽ ಬಡದಿದ್ರಿ, ನನಗ ಅಷ್ಟು ಕೆಲಸ ಉಳೀತು.”

“ಅವು ಸರ್ವೆ ಕಲ್ಲು ರೀ!”

“ಆಗಿದ್ವು. ಈಗ ದೇವರು.”

“ಬೆಂಗಳೂರಿಗೆ ಮುಂದ ಎಷ್ಟು ಕರೆಂಟ್ ಬೇಕಾಗತೈತಿ ಅಂತ ಈಗಽ ಪ್ಲಾನ್ ಮಾಡ್ಯಾರ. ಈ ಲೈನ್ ಆಗಾಕಽ ಬೇಕು.”

“ನಮ್ಮ ಪಂಪ್‌ಸೆಟ್ಟಿಗೆ ಎಷ್ಟು ಬೇಕಂತ ಯಾರರ ಕೇಳ್ಯಾರೇನು? ಕರೆಂಟ್ ಮಾಡೋ ಗಾಳಿ ಫ್ಯಾನ್ ನಮ್ಮ ಹೊಲದ ಬಾಜೂಕ ತಿರಗತಾವ. ನಮಗ ಮಾತ್ರ ನೀರು ಹಾಯ್ಸಾಕ ನಡುರಾತ್ರಿ ಕರೆಂಟ್ ಕೊಡ್ತೀರಿ.”

“ಅದು ನನ್ನ ಕೈಯಾಗ ಇಲ್ರಿ. ನಾಳೆ ಆ ಕಲ್ಲು ಕಿತ್ತು ಒಗಸ್ತೀನಿ ನೋಡ್ರಿ.”

“ಒಗಸು. ಊರ ಮಂದೆಲ್ಲ ಬಂದು ಎಡಿ ಹಿಡದು ಹೋಗ್ಯಾರ. ಅವರ ಮುಂದಽ ಕೀಳು.”

ಅವನು ದನಿ ತಗ್ಗಿಸಿ ಕೇಳಿದ.

“ಸೋಮವಾರ ದೊಡ್ಡ ಸಾಹೇಬ್ರು ಹೊಲಕ್ಕ ಬರ್ತಾರ. ಅವರಿಗೆ ಏನಂತ ಹೇಳ್ಲಿ?”

ಬಸ್ಸು ಬಂತು. ಮುದುಕಿ ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿ, ಬಾಗಿಲಲ್ಲೇ ತಿರುಗಿ ನಿಂತಳು.

“ಚಪ್ಪಲಿ ಬದುವಿನ ಮ್ಯಾಲ ಬಿಟ್ಟು ಬರಾಕ ಹೇಳು.”