ತಾಂಬೂಲದ ಚೀಲದಲ್ಲಿ ಬಂದ ದಕ್ಷಿಣೆ

ಹೆಸರು: ಸಂಧ್ಯಾರಾಣಿ ಟಿ.ಎಸ್. ವಯಸ್ಸು: 25 ವರ್ಷ. ಓದು: ಕನ್ನಡ ಎಂ.ಎ., ಈಗ ಶಿಕ್ಷಕರ ತರಬೇತಿ ವಿದ್ಯಾರ್ಥಿನಿ. ಉದ್ಯೋಗ: ವಾರಾಂತ್ಯದಲ್ಲಿ ಮಹಿಳಾ ಬೇಸ್‌ಬಾಲ್ ಕ್ಲಬ್ಬೊಂದರ ಸ್ಕೋರರ್. ಸ್ವಂತ ಊರು: ತಿಪಟೂರು. ಈಗಿನ ವಾಸ: ಕ್ಲೈಡ್ ನಾರ್ತ್, ಮೆಲ್ಬರ್ನ್. ಮೇಲೆ ಹೇಳಿದ ನಾನು ಪೊಲೀಸ್ ಅಧಿಕಾರಿಯವರ ಮುಂದೆ, ದುಭಾಷಿ ಜಯಲಕ್ಷ್ಮಿಯವರ ಸಮಕ್ಷಮದಲ್ಲಿ ತಿಳಿಸುತ್ತಿರುವುದು ಹೀಗಿದೆ. ನನಗೆ ಇಂಗ್ಲಿಷ್ ಬರುತ್ತದೆ. ಆದರೆ ಈ ಪ್ರಕರಣದ ಮುಖ್ಯ ಮಾತುಗಳು ನಡೆದದ್ದು ಕನ್ನಡದಲ್ಲಿ. ಆದ್ದರಿಂದ ಕನ್ನಡದಲ್ಲೇ ಹೇಳಿಕೆ ಕೊಡಲು ಅನುಮತಿ ಕೇಳಿದೆ. ಕೊಟ್ಟಿದ್ದಾರೆ.

ಈ ದಿನ ಬೆಳಿಗ್ಗೆ ಠಾಣೆಗೆ ಹೊರಡುವಾಗ, ನನ್ನ ಜೊತೆ ಬಾಡಿಗೆಗಿರುವ ವಂದನಾಳ ಬೇಸ್‌ಬಾಲ್ ಗ್ಲೌಸು ಹಿತ್ತಲಿನ ಬಟ್ಟೆ ಒಣಹಾಕುವ ತಂತಿಗೆ ಎರಡು ಕ್ಲಿಪ್ಪುಗಳಲ್ಲಿ ನೇತಾಡುತ್ತಿದ್ದುದನ್ನು ನೋಡಿದೆ. ಹೆಬ್ಬೆರಳಿನ ಹತ್ತಿರ ಕಿತ್ತುಹೋದ ಚರ್ಮವನ್ನು ಸೀರೆಗೆ ಫಾಲ್ ಹೊಲಿಯುವ ಹಸಿರು ದಾರದಿಂದ ಹೊಲಿದಿದ್ದಾಳೆ. ಕಂಡದ್ದನ್ನೆಲ್ಲ ಹೇಳಿ, ಬೇಕಾದ್ದು ಬೇಡದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಅಧಿಕಾರಿಯವರು ಹೇಳಿದ್ದರಿಂದ ಇದನ್ನೂ ಹೇಳುತ್ತಿದ್ದೇನೆ.

ವಂದನಾಳಿಗೆ 23 ವರ್ಷ. ಹುಟ್ಟಿ ಬೆಳೆದದ್ದು ಸಿಡ್ನಿಯ ಲಿವರ್‌ಪೂಲ್‌ನಲ್ಲಿ. ಕ್ಲಬ್ಬಿನ ಪಿಚರ್ ಅವಳೇ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವಳು. ನಮ್ಮ ಲೀಗ್ ವೃತ್ತಿಪರ ಲೀಗ್ ಎಂದು ಈ ವರ್ಷವೇ ಶುರುವಾಗಿದೆ. ಆಟಗಾರ್ತಿಯರಿಗೆ ಒಂದು ಪಂದ್ಯಕ್ಕೆ 120 ಡಾಲರ್ ಕೊಡುತ್ತಾರೆ. ಅಭ್ಯಾಸಕ್ಕೆ ಏನೂ ಇಲ್ಲ. ಗ್ಲೌಸು, ಬೂಟು ಅವರದೇ ಖರ್ಚು. ವಂದನಾ ವಾರದ ದಿನಗಳಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ.

ಆರೋಪಿ ಶಿವಪ್ರಕಾಶ ಅವರು ಮನೆ ಕಟ್ಟಿಸಿ ಮಾರುವ ವ್ಯವಹಾರದವರು. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತೇವೆ. ಕ್ಲಬ್ಬಿನ ಸಣ್ಣ ಪ್ರಾಯೋಜಕರಲ್ಲಿ ಅವರೂ ಒಬ್ಬರು. ನಾನು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ಶಾಲೆಯ ಹಾಲ್‌ಗೆ ರೆಂಟ್ ಕಟ್ಟುವವರೂ ಅವರೇ.

ದಿನಾಂಕ 09-11-2025ರ ಭಾನುವಾರ ಕ್ಲೈಡ್ ನಾರ್ತ್‌ನಲ್ಲಿ ಅವರ ಹೊಸ ಮನೆಯ ಗೃಹಪ್ರವೇಶವಿತ್ತು. ನಾನು ಮತ್ತು ವಂದನಾ ಹನ್ನೊಂದು ಗಂಟೆಗೆ ಹೋದೆವು. ಹೋಮದ ಹೊಗೆಗೆ ಕೂಗಿಕೊಳ್ಳದಿರಲೆಂದು ಸೂರಿನ ಅಲಾರಂಗೆ ಶವರ್ ಕ್ಯಾಪ್ ತೊಡಿಸಿದ್ದರು. ಊಟದ ಹೊತ್ತಿಗೆ ಶಿವಪ್ರಕಾಶ ಅವರು ವಂದನಾಳನ್ನು ನಾಲ್ಕು ಜನರಿಗೆ ಪರಿಚಯಿಸಿ, ಒಂದು ಪಂದ್ಯಕ್ಕೆ ಎಷ್ಟು ಸಿಗುತ್ತದೆಂದು ಕೇಳಿದರು. ಅವಳು ಹೇಳಿದಳು.

“ನಮ್ಮನೆ ಲಾನ್ ಕಟ್ ಮಾಡೋನೇ ಒಂದ್ಸಲಕ್ಕೆ ಅಷ್ಟು ತಗೋತಾನಲ್ಲಮ್ಮಾ” ಎಂದರು. ಸುತ್ತಲಿದ್ದವರು ನಕ್ಕರು.

“ಅವನಿಗೆ ಫಾಸ್ಟ್‌ಬಾಲ್ ಹಾಕಕ್ಕೆ ಬರತ್ತಾ ಅಂಕಲ್?” ಎಂದು ವಂದನಾ ಕೇಳಿದಳು. ಆಗ ಇನ್ನೂ ಹೆಚ್ಚು ನಕ್ಕರು. ಶಿವಪ್ರಕಾಶ ಅವರು ನಗಲಿಲ್ಲ. ಅವಳನ್ನೇ ನೋಡುತ್ತಿದ್ದರು.

ನಾವು ಹೊರಡುವಾಗ ಅವರ ಪತ್ನಿ ನೀಲಾಂಬಿಕಾ ಆಂಟಿ ಕುಂಕುಮ ಕೊಟ್ಟು ತಾಂಬೂಲದ ಚೀಲಗಳನ್ನು ಕೊಟ್ಟರು. ಚೀಲಗಳು ಮೇಜಿನ ಮೇಲೆ ಸಾಲಾಗಿದ್ದವು. ನನ್ನ ಚೀಲವನ್ನು ಅಲ್ಲಿಂದಲೇ ಎತ್ತಿದರು. ವಂದನಾಳ ಚೀಲವನ್ನು ಮಾತ್ರ ಶಿವಪ್ರಕಾಶ ಅವರು ಒಳಕೋಣೆಯಿಂದ ತಂದು ಆಂಟಿಯ ಕೈಗಿಟ್ಟರು. ಮಿಕ್ಕ ಚೀಲಗಳ ಬಾಯಿ ತೆರೆದಿತ್ತು. ಇದರ ಹಿಡಿಕೆಗಳನ್ನು ಗಂಟು ಹಾಕಿದ್ದರು. ತಾಂಬೂಲವನ್ನು ಕೊಟ್ಟವರ ಮುಂದೆ ಬಿಚ್ಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗೆಯೇ ಮನೆಗೆ ತಂದು ಅಡುಗೆಮನೆಯಲ್ಲಿಟ್ಟೆವು.

ದಿನಾಂಕ 13-11-2025ರ ಗುರುವಾರ ಸಂಜೆ ಚಟ್ನಿಗೆ ಕಾಯಿ ಬೇಕಾಗಿ ವಂದನಾ ಆ ಚೀಲವನ್ನು ಬಿಚ್ಚಿದಳು. ನನ್ನ ಚೀಲದ ಕಾಯಿ ಆಗಲೇ ಮುಗಿದಿತ್ತು. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಬ್ಲೌಸ್ ಪೀಸ್ ಇವುಗಳ ಕೆಳಗೆ ಒಂದು ಕವರ್ ಇತ್ತು. ಅದರಲ್ಲಿ ಒಟ್ಟು ಎರಡು ಸಾವಿರ ಡಾಲರ್‌ನಷ್ಟು ನೋಟುಗಳೂ, ಹೊರಗೆ ಅಂಟಿಸಿದ ಒಂದು ಡಾಲರ್ ನಾಣ್ಯವೂ ಇದ್ದವು. ಒಂದು ಡಾಲರ್ ಯಾಕೆ ಎಂದು ಅಧಿಕಾರಿಯವರು ಕೇಳಿದರು. ಶುಭಕಾರ್ಯದಲ್ಲಿ ಕೊಡುವ ಹಣವನ್ನು ನಾವು ಸೊನ್ನೆಗೆ ನಿಲ್ಲಿಸುವುದಿಲ್ಲ, ಒಂದು ಸೇರಿಸುತ್ತೇವೆ ಎಂದು ಹೇಳಿದೆ. ತಾಂಬೂಲದ ಜೊತೆ ಹನ್ನೊಂದೋ ಇಪ್ಪತ್ತೊಂದೋ ದಕ್ಷಿಣೆ ಇಡುವವರಿದ್ದಾರೆ. ಇಷ್ಟು ಇಡುವವರನ್ನು ನಾನು ಕಂಡಿಲ್ಲ.

ಅಂದೇ ಸಂಜೆ ಸುಮಾರು ಏಳು ಗಂಟೆಗೆ ಶಿವಪ್ರಕಾಶ ಅವರು ವಂದನಾಳಿಗೆ ಫೋನ್ ಮಾಡಿದರು. ಅವಳ ಕೈ ತೇವವಾಗಿದ್ದುದರಿಂದ ಸ್ಪೀಕರ್ ಹಾಕಿದಳು. ನಾನು ಎರಡು ಮಾರು ದೂರದಲ್ಲಿ ಕಾಯಿ ತುರಿಯುತ್ತಿದ್ದೆ. ಎಲ್ಲವೂ ಕೇಳಿಸಿತು. ಚೀಲ ಬಿಚ್ಚಿದೆಯಾ ಎಂದು ಮೊದಲು ಕೇಳಿದರು. ಶನಿವಾರ ಸಿಡ್ನಿಯಲ್ಲಿ ನಡೆಯುವ ಪಂದ್ಯದ ಮೇಲೆ ತಮ್ಮ ಕೆಲವು ಸ್ನೇಹಿತರು ಬೆಟ್ ಕಟ್ಟಿದ್ದಾರೆಂದೂ, ಅವಳು ಒಂದು ಸಣ್ಣ ಉಪಕಾರ ಮಾಡಬೇಕೆಂದೂ ಹೇಳಿದರು. “ಸೋಲೋದು ಬೇಡಮ್ಮ, ಗೆಲ್ರಿ. ಮೊದಲನೇ ಬ್ಯಾಟರ್‌ಗೆ ನಾಲ್ಕು ಬಾಲ್ ಹೊರಗೆ ಹಾಕು, ಅಷ್ಟೆ. ಯಾರಿಗೇನು ಲಾಸು?”

ಬ್ಯಾಟರ್‌ಗೆ ಹೊಡೆಯಲು ಸಿಗುವ ಜಾಗದಿಂದ ನಾಲ್ಕು ಎಸೆತಗಳು ಹೊರಗೆ ಹೋದರೆ, ಬ್ಯಾಟರ್ ಹೊಡೆಯದೆಯೇ ಮೊದಲನೆಯ ಬೇಸ್‌ಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ, ನಡೆದು ಹೋಗಬಹುದು. ಅದನ್ನೇ ಅವರು ಕೇಳುತ್ತಿದ್ದರು. ತನ್ನಿಂದ ಆಗುವುದಿಲ್ಲ, ಹಣವನ್ನು ನಾಳೆಯೇ ತಂದುಕೊಡುತ್ತೇನೆ ಎಂದು ವಂದನಾ ಹೇಳಿದಳು. ಅದಕ್ಕೆ ಅವರು ಹೇಳಿದ್ದು ನನಗೆ ಇದ್ದ ಹಾಗೇ ನೆನಪಿದೆ. “ವೀಳ್ಯ ಹಿಡಿದಾಯ್ತಲ್ಲಮ್ಮಾ. ಮುತ್ತೈದೆ ಕೈಯಿಂದ ತಗೊಂಡಿದ್ದು ಯಾರಾದ್ರೂ ವಾಪಸ್ ಕೊಡ್ತಾರಾ? ನಿಮ್ಮಮ್ಮನ್ನ ಕೇಳು ಬೇಕಾದ್ರೆ.” ಫೋನ್ ಇಟ್ಟರು.

ವೀಳ್ಯ ಹಿಡಿಯುವುದು ಎಂದರೇನೆಂದು ವಂದನಾ ನನ್ನನ್ನು ಕೇಳಿದಳು. ಹಿಂದೆ ರಾಜರು ಕಷ್ಟದ ಕೆಲಸ ಒಪ್ಪಿಸುವಾಗ ವೀಳ್ಯ ಮುಂದಿಡುತ್ತಿದ್ದರು, ಅದನ್ನು ತೆಗೆದುಕೊಂಡವನು ಆ ಕೆಲಸ ಮಾಡಲೇಬೇಕಾಗಿತ್ತು ಎಂದು ಹೇಳಿದೆ. ಅವಳು ಲಿವರ್‌ಪೂಲ್‌ನಲ್ಲಿರುವ ತಾಯಿ ವೇದಾ ಅವರಿಗೆ ಫೋನ್ ಮಾಡಿ, ಹಣದ ಮಾತೆತ್ತದೆ, ತಾಂಬೂಲ ವಾಪಸ್ ಕೊಡಬಹುದಾ ಎಂದಷ್ಟೇ ಕೇಳಿದಳು. ಎಲ್ಲಾದರೂ ಉಂಟೆ, ಕೊಟ್ಟವರ ಮನೆಗೆ ಅದು ಒಳ್ಳೆಯದಲ್ಲ ಎಂದು ಅವರು ಹೇಳಿದರು. ಕವರನ್ನು ಮತ್ತೆ ಚೀಲದಲ್ಲಿಟ್ಟು ಅಕ್ಕಿ ಡಬ್ಬದ ಹಿಂದೆ ಇಟ್ಟೆವು. ಅದನ್ನು ಮೂರು ದಿನ ಯಾಕೆ ಇಟ್ಟುಕೊಂಡಿರಿ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಇಟ್ಟುಕೊಳ್ಳುವ ಆಸೆಯಿಂದಲ್ಲ. ಹೊಸ ಮನೆಯ ಗೃಹಿಣಿಗೆ ಕೇಡು ಬಯಸಿದ ಹಾಗಾಗುತ್ತದೇನೋ ಎಂಬ ಅಂಜಿಕೆಯಿಂದ.

ಶುಕ್ರವಾರ ಬೆಳಿಗ್ಗೆ ತಂಡದ ಜೊತೆ ಮಿನಿಬಸ್ಸಿನಲ್ಲಿ ಸಿಡ್ನಿಗೆ ಹೊರಟೆವು. ಕ್ಲಬ್ಬಿಗೆ ವಿಮಾನದ ಖರ್ಚು ಕೊಡಲಾಗುವುದಿಲ್ಲ. ದಾರಿಯುದ್ದಕ್ಕೂ ವಂದನಾ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದವಳಂತೆ ಇದ್ದಳು. ನಿದ್ದೆ ಮಾಡಲಿಲ್ಲ.

ದಿನಾಂಕ 15-11-2025ರ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಪಂದ್ಯ ಶುರುವಾಯಿತು. ನಾನು ಬ್ಯಾಟರ್‌ನ ಹಿಂದಿನ ಜಾಲರಿಯಾಚೆ ಸ್ಕೋರರ್ ಮೇಜಿನಲ್ಲಿದ್ದೆ. ವಂದನಾಳ ಮೊದಲ ಎಸೆತ ಹೊರಗೆ ಹೋಯಿತು. ಎರಡನೆಯದೂ ಹೋಯಿತು. ಅವಳು ಬೇಕೆಂದು ಮಾಡಲಿಲ್ಲ. ಪ್ರತಿ ಎಸೆತಕ್ಕೆ ಮುಂಚೆ ಅಂಗೈಯನ್ನು ಪ್ಯಾಂಟಿಗೆ ಒರೆಸುತ್ತಿದ್ದಳು. ಮೂರನೆಯದು ನೆಲಕ್ಕೆ ಬಡಿದು ಹೊರಗೆ ಹೋಯಿತು. ಇನ್ನೊಂದು ಹೋಗಿದ್ದರೆ ಶಿವಪ್ರಕಾಶ ಅವರ ಕೆಲಸ ಆಗುತ್ತಿತ್ತು. ಆಗ ವಂದನಾ ಕೈಯೆತ್ತಿ ಆಟ ನಿಲ್ಲಿಸಲು ಕೇಳಿದಳು.

ಕೋಚ್ ಕ್ಯಾರಲ್ ಮತ್ತು ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಟೆಸ್ ಅವಳ ಹತ್ತಿರ ಹೋದರು. ಅಲ್ಲಿನ ಮಾತು ನನಗೆ ಕೇಳಿಸಲಿಲ್ಲ. ಕ್ಯಾರಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡದ್ದು ಕಂಡಿತು. ವಂದನಾ ಎಲ್ಲವನ್ನೂ ಹೇಳಿ, ಮುಂದಿನದೂ ಹೊರಗೆ ಹೋದರೆ ನನ್ನನ್ನು ಯಾರೂ ನಂಬುವುದಿಲ್ಲ, ಬೇಕಾದರೆ ಈಗಲೇ ನನ್ನನ್ನು ತೆಗೆಯಿರಿ ಎಂದಳೆಂದು ಕ್ಯಾರಲ್ ಆಮೇಲೆ ತಿಳಿಸಿದರು. ತೆಗೆಯುವುದಿಲ್ಲ, ನಟ್ಟನಡುವೆ ಎಸೆ, ಹೊಡೆದರೆ ಹೊಡೆಯಲಿ ಎಂದು ತಾವು ಹೇಳಿದ್ದಾಗಿಯೂ ತಿಳಿಸಿದರು. ಟೆಸ್ ಹಿಂದಕ್ಕೆ ಬಂದು ಕೂತು ಗ್ಲೌಸನ್ನು ಎದೆಯ ಮುಂದೆ ಹಿಡಿದಳು, ಅಲ್ಲಾಡಿಸಲಿಲ್ಲ.

ನಾಲ್ಕನೆಯ ಎಸೆತ ನಟ್ಟನಡುವೆ ಬಂತು. ಬ್ಯಾಟರ್ ಅದನ್ನು ಹೊಡೆದಳು. ಚೆಂಡು ಬೇಲಿ ದಾಟಿ, ಹೊರಗೆ ನಿಲ್ಲಿಸಿದ್ದ ನಮ್ಮದೇ ಮಿನಿಬಸ್ಸಿನ ಸೂರಿನ ಮೇಲೆ ಬಿತ್ತು. ಸದ್ದು ಮೈದಾನಕ್ಕೆಲ್ಲ ಕೇಳಿಸಿತು. ವಂದನಾ ಸೊಂಟದ ಮೇಲೆ ಕೈಯಿಟ್ಟು ಬಸ್ಸನ್ನು ನೋಡಿದಳು, ಆಮೇಲೆ ಜೋರಾಗಿ ನಕ್ಕಳು. ಎದುರಾಳಿಗಳಿಗೆ ಒಂದು ರನ್ ಎಂದು ನಾನು ಬರೆದುಕೊಂಡೆ. ಇಷ್ಟು ಸಂತೋಷದಿಂದ ಎದುರಾಳಿಗಳ ರನ್ನನ್ನು ನಾನು ಎಂದೂ ಬರೆದಿರಲಿಲ್ಲ. ಆ ಒಂದೇ ರನ್ನಿನಿಂದ ನಾವು ಪಂದ್ಯ ಸೋತೆವು.

ಪಂದ್ಯದ ನಂತರ ಕ್ಯಾರಲ್ ತಂಡಕ್ಕೆ ವಿಷಯ ತಿಳಿಸಿದರು. ಯಾರೂ ವಂದನಾಳನ್ನು ದೂರಲಿಲ್ಲ. ನಮ್ಮನ್ನು ಇಷ್ಟು ಅಗ್ಗಕ್ಕೆ ಆಡಿಸುತ್ತಿರುವುದರಿಂದಲೇ ಕೊಳ್ಳುವವರಿಗೆ ಧೈರ್ಯ ಬರುತ್ತದೆ, ಲೀಗಿನವರ ಮುಂದೆ ಲಂಚದ ಮಾತನ್ನೂ ಸಂಬಳದ ಮಾತನ್ನೂ ಒಟ್ಟಿಗೆ ಎತ್ತೋಣ ಎಂದು ಟೆಸ್ ಹೇಳಿದಳು. ಎಲ್ಲರೂ ಒಪ್ಪಿದರು.

ಸಂಜೆ ವಂದನಾಳ ತಂದೆ ರಾಮಮೂರ್ತಿ ಅವರು ಇಡೀ ತಂಡವನ್ನು ಲಿವರ್‌ಪೂಲ್‌ನ ತಮ್ಮ ಮನೆಗೆ ಊಟಕ್ಕೆ ಕರೆದರು. ಅಡುಗೆಮನೆಯಲ್ಲಿ ವಂದನಾ ತಾಯಿಗೆ ಕವರಿನ ವಿಷಯ ಹೇಳಿದಳು. ವೇದಾ ಅವರು ಚಿತ್ರಾನ್ನ ಕಲಸುವುದನ್ನು ನಿಲ್ಲಿಸಿದರು. “ಅದು ತಾಂಬೂಲ ಅಲ್ಲ ಕಣೇ, ಲಂಚ. ಎಲೆ ಅಡಿಕೆ ಮುಚ್ಚಿದ್ರೆ ಲಂಚಕ್ಕೆ ಮಡಿ ಬರತ್ತಾ? ಮೊದಲೇ ಹೇಳಬಾರದಿತ್ತಾ ನಂಗೆ” ಎಂದರು. ಆಮೇಲೆ ಮಗಳ ತಲೆ ಸವರಿ, ಇನ್ನೊಂದಿಷ್ಟು ನಿಂಬೆರಸ ಹಿಂಡು ಎಂದರು.

ಭಾನುವಾರ ಮೆಲ್ಬರ್ನ್‌ಗೆ ಮರಳಿದ ಕೂಡಲೇ ವಂದನಾ ಮತ್ತು ಕ್ಯಾರಲ್ ಆ ಚೀಲವನ್ನು ಪೊಲೀಸರಿಗೆ ಒಪ್ಪಿಸಿದರು. ವಿಚಾರಣೆ ಮುಗಿಯುವವರೆಗೆ ಆಡಬಾರದೆಂದು ಲೀಗಿನವರು ವಂದನಾಳಿಗೆ ತಿಳಿಸಿದ್ದಾರೆ. ಹಣ ಪ್ರೋತ್ಸಾಹಕ್ಕೆ ಕೊಟ್ಟ ದಕ್ಷಿಣೆ, ಫೋನಿನಲ್ಲಿ ಶುಭಾಶಯ ಬಿಟ್ಟು ಬೇರೇನೂ ಹೇಳಲಿಲ್ಲ ಎಂದು ಶಿವಪ್ರಕಾಶ ಅವರು ಹೇಳುತ್ತಿದ್ದಾರಂತೆ. ಆ ಮಾತು ರೆಕಾರ್ಡ್ ಆಗಿಲ್ಲ. ವಂದನಾಳನ್ನು ಬಿಟ್ಟರೆ ಅದನ್ನು ಕೇಳಿದವಳು ನಾನೊಬ್ಬಳೇ.

ನಿನ್ನೆ, ಸೋಮವಾರ, ಮಧ್ಯಾಹ್ನ ಶಿವಪ್ರಕಾಶ ಅವರು ನನಗೆ ಫೋನ್ ಮಾಡಿದರು. ಮುಂದಿನ ಟರ್ಮ್‌ಗೆ ಕನ್ನಡ ಶಾಲೆಯ ಹಾಲ್ ಬುಕ್ ಮಾಡುವುದೋ ಬೇಡವೋ ಯೋಚಿಸುತ್ತಿದ್ದೇನೆ ಎಂದರು. “ನೀನು ಮೊದಲಿಂದ ಮಾತಾಡೋ ಹುಡುಗಿ ಅಲ್ಲ, ಸಂಧ್ಯಾ. ಸುಮ್ನಿರು. ನಿಂಗೆ ಅದೇ ಚೆನ್ನ” ಎಂದರು. ಈ ಕರೆಯ ವಿವರವನ್ನು ಅಧಿಕಾರಿಯವರು ಬೇರೆಯಾಗಿ ಬರೆದುಕೊಂಡಿದ್ದಾರೆ.

ಸಂಜೆ ನೀಲಾಂಬಿಕಾ ಆಂಟಿ ಫೋನ್ ಮಾಡಿದರು. ವಂದನಾಳಿಗೆ ಕೊಟ್ಟ ಚೀಲಕ್ಕೆ ಗಂಟು ಹಾಕಿತ್ತಾ ಎಂದಷ್ಟೇ ಕೇಳಿದರು. ಹೌದು ಆಂಟಿ ಎಂದೆ. ತಾವು ಯಾವ ಚೀಲಕ್ಕೂ ಗಂಟು ಹಾಕಿರಲಿಲ್ಲ, ಕುಂಕುಮ ಕೊಟ್ಟ ಕೈಯಿಂದ ಇಂಥದ್ದನ್ನು ಕೊಡಿಸಿದರಲ್ಲ, ಪೊಲೀಸರು ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದರು. ಶಾಲೆಗೆ ಹಾಲ್ ಸಿಗದಿದ್ದರೆ ಮಕ್ಕಳನ್ನು ಯಾರದಾದರೂ ಗ್ಯಾರೇಜಿನಲ್ಲಿ ಕೂರಿಸೋಣ ಎಂದೂ ಹೇಳಿದರು.

ಲೀಗಿನ ವಿಚಾರಣೆ ಇದೇ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಡಾಕ್‌ಲ್ಯಾಂಡ್ಸ್‌ನ ಕಚೇರಿಯಲ್ಲಿದೆ. ವಂದನಾ ಮತ್ತೆ ಆಡಬಹುದೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಈ ಹೇಳಿಕೆಯ ಅನುವಾದವನ್ನು ಕಳಿಸಿದರೆ ಸಾಕು, ನೀವು ಬರಲೇಬೇಕೆಂದಿಲ್ಲ ಎಂದು ಲೀಗಿನವರು ನನಗೆ ತಿಳಿಸಿದ್ದಾರೆ. ಅಲ್ಲಿ ಹನ್ನೆರಡು ಜನ ಕೂತಿರುತ್ತಾರಂತೆ. ನಾನು ಹೋಗುತ್ತೇನೆ. ಕೇಳಿದ ಮಾತನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ನನ್ನ ಬಾಯಿಂದಲೇ ಹೇಳುತ್ತೇನೆ. ವಂದನಾಳಿಗೆ ಇದನ್ನು ಇನ್ನೂ ತಿಳಿಸಿಲ್ಲ.

ಇಲ್ಲಿರುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಬೇರೆಯವರಿಂದ ತಿಳಿದದ್ದನ್ನು ಹಾಗೆಂದೇ ಹೇಳಿದ್ದೇನೆ. ಯಾರ ಒತ್ತಾಯವೂ ಇಲ್ಲ. ಪೂರ್ತಿ ಓದಿ, ನಿಜವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಮೆಲ್ಬರ್ನ್
ದಿನಾಂಕ: 18-11-2025
ಸಹಿ: ಸಂಧ್ಯಾರಾಣಿ ಟಿ.ಎಸ್.